ಎಲ್ರೂ ಇದ್ದೀವಲ್ಲ!

ಮೊದಲು ಒಂದು ಲೆಕ್ಕ. ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್. ಭಾನುವಾರ ಸಂಜೆ, ನನ್ನ ಮಗನ ಕ್ಲಾಸ್‌ಮೇಟ್‌ ಒಬ್ಬನ ಹುಟ್ಟುಹಬ್ಬ, ‘ಪೂಲ್ ಪಾರ್ಟಿ’. ಮಕ್ಕಳು 11. ಅದರಲ್ಲಿ ನಾಲ್ಕು ವರ್ಷ ತುಂಬದವರು 3, ಉಳಿದ 8 ಮಂದಿ ನಾಲ್ಕರಿಂದ ಏಳರೊಳಗಿನವರು. ದೊಡ್ಡವರು 14. ನೀರಿನಲ್ಲಿದ್ದ ದೊಡ್ಡವರು ಎಷ್ಟು?

ಸೊನ್ನೆ. ಹುಡುಗನ ಅಪ್ಪ ಶುರುವಿನಲ್ಲಿ ಹತ್ತು ನಿಮಿಷ ಇಳಿದಿದ್ದರು, ಫೋಟೋಗೆ. ಆಮೇಲೆ ಅವರೂ ಮೇಲೆ ಬಂದು ಬಜ್ಜಿ ತಟ್ಟೆ ಹಿಡಿದರು.

ಬೇರೆಯವರನ್ನು ಬೈಯೋಕೆ ಬರೀತಿಲ್ಲ. ಆ 14ರಲ್ಲಿ ನಾನೂ ಒಬ್ಬಳು. ಅವತ್ತು ನನ್ನ ಜೊತೆ ಮೂರು ಮಕ್ಕಳಿದ್ದವು. ನನ್ನ ಆರು ವರ್ಷದ ಮಗ, ಅಕ್ಕನ ಏಳು ವರ್ಷದ ಮಗ, ಮತ್ತು ಅವಳ ನಾಲ್ಕು ವರ್ಷದ ಮಗಳು. ಅಕ್ಕ ಹಾಸನಕ್ಕೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದಳು. ‘ಮೂರೂ ಒಟ್ಟಿಗೆ ಆಡ್ಕೊಂಡಿರ್ಲಿ, ನಾನು ನೋಡ್ಕೋತೀನಿ ಬಿಡು’ ಅಂದವಳು ನಾನೇ.

ಐದು ಗಂಟೆಗೆ ಕೇಕ್. ಮಕ್ಕಳನ್ನೆಲ್ಲ ನೀರಿನಿಂದ ಎಬ್ಬಿಸಿ, ಟವೆಲ್ ಸುತ್ತಿ, ಟೇಬಲ್ ಸುತ್ತ ನಿಲ್ಲಿಸಿದ್ವಿ. ಚಿಕ್ಕವರ ತೋಳಿನ ಫ್ಲೋಟರ್‌ಗಳನ್ನು ಬಿಚ್ಚಿ ಕುರ್ಚಿ ಮೇಲೆ ಗುಡ್ಡೆ ಹಾಕಿದ್ವಿ. ಒದ್ದೆ ಫ್ಲೋಟರ್ ಹಾಕ್ಕೊಂಡು ಕೇಕ್ ತಿನ್ನೋಕೆ ಆಗಲ್ಲವಲ್ಲ. ಅಷ್ಟರಲ್ಲಿ ನನ್ನ ಮಗನಿಗೆ ಬಾತ್‌ರೂಮ್. ಅಲ್ಲಿದ್ದ ಗುಂಪಿಗೆ, ಅಂದ್ರೆ ನಿರ್ದಿಷ್ಟವಾಗಿ ಯಾರಿಗೂ ಅಲ್ಲ, ‘ಸ್ವಲ್ಪ ಇವಳನ್ನ ನೋಡ್ತಿರ್ತೀರಾ?’ ಅಂದೆ. ‘ಹೋಗ್ಬನ್ನಿ, ಎಲ್ರೂ ಇದ್ದೀವಲ್ಲ’ ಅಂತ ಉತ್ತರ ಬಂತು. ಯಾರ ಬಾಯಿಂದ ಬಂತು ಅಂತ ಈಗಲೂ ನೆನಪಾಗ್ತಿಲ್ಲ. ಅದೇ ನನ್ನ ಮಾತಿನ ತಿರುಳು.

ಮೂರು ನಿಮಿಷ ಆಗಿರಬಹುದು. ವಾಪಸ್ ಬರುವಾಗ ‘ಯಕ್ಕಾ, ಕೂಸು! ಕೂಸು ನೀರಾಗೈತಿ!’ ಅಂತ ಕೂಗು ಕೇಳಿಸ್ತು. ಪೂಲಿನ ಆಚೆ ಬದಿ ನೆಲ ಒರೆಸುತ್ತಿದ್ದ ಹೌಸ್‌ಕೀಪಿಂಗಿನ ಹೆಂಗಸು. ಕೂಗ್ತಾನೇ ಮಾಪ್ ಎಸೆದು, ಯೂನಿಫಾರಂ ಸೀರೆಯಲ್ಲೇ ನೀರಿಗೆ ಇಳಿದುಬಿಟ್ಟಿದ್ದಳು. ನಾನು ಓಡಿ ಅಂಚಿಗೆ ಬರುವಷ್ಟರಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು, ಅಕ್ಕನ ಮಗಳನ್ನು ಎತ್ತಿ ಹೆಗಲಿಗೆ ಹಾಕ್ಕೊಂಡಿದ್ದಳು. ಮಗು ಕೆಮ್ಮಿತು. ವಾಂತಿ ಮಾಡಿತು. ಆಮೇಲೆ ಅತ್ತಿತು. ಆ ಅಳುವಿನಷ್ಟು ಒಳ್ಳೆ ಸದ್ದನ್ನು ನಾನು ಜೀವನದಲ್ಲಿ ಕೇಳಿಲ್ಲ. ಸ್ಪೀಕರಿನಲ್ಲಿ ಹಾಡು ನಡೀತಾನೇ ಇತ್ತು. ಆಚೆ ಟೇಬಲ್ಲಿನವರಿಗೆ ಏನಾಗಿದೆ ಅಂತಲೇ ಗೊತ್ತಾಗಿರಲಿಲ್ಲ.

ಆಗಿದ್ದಿಷ್ಟು. ಕೇಕ್ ತಿಂದು ಮುಗಿಸಿದ ಮಗು ವಾಪಸ್ ಆಟಕ್ಕೆ ಹೋಯ್ತು. ಅರ್ಧ ಗಂಟೆ ಹಿಂದೆ ಅದು ನೀರಿನ ಮೇಲೆ ತೇಲ್ತಾ ಇತ್ತು. ತೇಲಿಸಿದ್ದು ಫ್ಲೋಟರ್ ಅಂತ ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಅದರ ಪ್ರಕಾರ ಅದಕ್ಕೆ ಈಜು ಬರುತ್ತೆ. ಹಾರಿತು. ನಾಲ್ಕಡಿ ಆಳ ಅಂದ್ರೆ 120 ಸೆಂಟಿಮೀಟರ್. ಮಗುವಿನ ಎತ್ತರ ಒಂದು ಮೀಟರ್. ‘ಬರೀ ನಾಲ್ಕಡಿ ಅಲ್ವಾ’ ಅನ್ನೋರು ಈ ಕಳೆಯೋ ಲೆಕ್ಕ ಮಾಡ್ಕೊಳ್ಳಿ.

ರಾತ್ರಿಯೆಲ್ಲ ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಉಸಿರಾಟ ಗಮನಿಸಿದರು. (ನೀರು ಕುಡಿದು ಕೆಮ್ಮಿದ ಮಗು ‘ಈಗ ಸರಿಯಾಯ್ತು’ ಅಂತ ಮನೆಗೆ ಕರ್ಕೊಂಡು ಹೋಗಬೇಡಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಜೋರಾಗಬಹುದು.) ಅಕ್ಕ ಹಾಸನದಿಂದ ಹನ್ನೊಂದೂವರೆಗೆ ಬಂದಳು. ಬೈಯಲಿಲ್ಲ. ಮಗಳ ಹಣೆ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು: ‘ನೀನೆಲ್ಲಿದ್ದೆ?’

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಬಾತ್‌ರೂಮಲ್ಲಿ. ಆದರೆ ಅದೇ ಪ್ರಶ್ನೆಯನ್ನು ಉಳಿದ 13 ಜನಕ್ಕೆ ಕೇಳಿದ್ರೆ ಎಲ್ಲರೂ ‘ಅಲ್ಲೇ ಇದ್ದೆ’ ಅಂತಾರೆ. ನಿಜಕ್ಕೂ ಅಲ್ಲೇ ಇದ್ದರು. ಪೂಲಿನಿಂದ ಹದಿನೈದು ಅಡಿ ದೂರದಲ್ಲಿ.

ಈ ಲೇಖನ ಓದ್ತಿರೋ ಬಹುತೇಕರು ನನ್ನ ಹಾಗೇ ಕಂಪ್ಯೂಟರ್ ಮುಂದೆ ಕೂತು ದುಡಿಯೋರು, ಅದಕ್ಕೇ ನಮ್ಮ ಭಾಷೆಯಲ್ಲೇ ಕೇಳ್ತೀನಿ. ನಿಮ್ಮ ಆಫೀಸಿನಲ್ಲಿ ಓನರ್ ಇಲ್ಲದ ಟಿಕೆಟ್ ಏನಾಗುತ್ತೆ? ‘ಆಲ್’ಗೆ ಕಳಿಸಿದ ಇಮೇಲಿಗೆ ಯಾರು ಉತ್ತರ ಕೊಡ್ತಾರೆ? ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಯಾರು ಏಳಬೇಕು ಅಂತ ರೋಸ್ಟರ್ ಇದೆ. ಅವನು ಎದ್ದೇಳದಿದ್ದರೆ ಯಾರಿಗೆ ಫೋನ್ ಹೋಗಬೇಕು ಅಂತಲೂ ಬರೆದಿಟ್ಟಿದ್ದೀವಿ. ಊಟದ ಆರ್ಡರ್ ತಗೊಳ್ಳೋ ಆ್ಯಪ್ ಹತ್ತು ನಿಮಿಷ ನಿಲ್ಲಬಾರದು ಅಂತ ಇಷ್ಟೆಲ್ಲ ವ್ಯವಸ್ಥೆ. ಆದರೆ 11 ಮಕ್ಕಳನ್ನು ನೀರಿಗೆ ಬಿಟ್ಟಾಗ ರೋಸ್ಟರ್ ಇಲ್ಲ, ಓನರ್ ಇಲ್ಲ. ‘ಎಲ್ರೂ ಇದ್ದೀವಲ್ಲ.’

ನನ್ನ ವಾದ ಇಷ್ಟೇ. ನೀರಿನ ಹತ್ತಿರ ‘ಎಲ್ಲರೂ’ ಅನ್ನೋ ಮನುಷ್ಯ ಇರಲ್ಲ. ಒಂದೊಂದು ಮಗುವಿಗೂ ಹೆಸರು ಹಿಡಿದು ಒಬ್ಬ ದೊಡ್ಡವರು ಇರಬೇಕು. ಅವರು ನೀರಿನಲ್ಲಿರಬೇಕು. ಕೈ ಖಾಲಿ ಇರಬೇಕು. ಅಷ್ಟು ದೊಡ್ಡವರು ಸಿಗದಿದ್ದರೆ ಅಷ್ಟು ಮಕ್ಕಳನ್ನು ಕರ್ಕೊಂಡು ಹೋಗಬಾರದು. ಮೂರು ಮಕ್ಕಳನ್ನು ಒಬ್ಬಳೇ ಕರ್ಕೊಂಡು ಹೋದ ನಾನು ಮನೆಯಿಂದ ಹೊರಟಾಗಲೇ ತಪ್ಪು ಮಾಡಿದ್ದೆ. ಬಾತ್‌ರೂಮಿಗೆ ಹೋಗಿದ್ದು ಅದರ ಮುಂದಿನ ಕಥೆ.

ಎಷ್ಟು ಮಕ್ಕಳಿಗೆ ಎಷ್ಟು ಜನ ಅಂತ ಕೇಳ್ತೀರಾ? ಬ್ರಿಟನ್ನಿನ ಎಷ್ಟೋ ಸಾರ್ವಜನಿಕ ಈಜುಕೊಳಗಳಲ್ಲಿ ಎಂಟು ವರ್ಷದೊಳಗಿನ ಮಗುವನ್ನು ದೊಡ್ಡವರಿಲ್ಲದೆ ಒಳಗೇ ಬಿಡಲ್ಲ. ನಾಲ್ಕು ವರ್ಷದೊಳಗಿನ ಒಂದು ಮಗುವಿಗೆ ಒಬ್ಬರು, ನಾಲ್ಕರಿಂದ ಏಳರವರೆಗೆ ಎರಡು ಮಕ್ಕಳಿಗೆ ಒಬ್ಬರು, ಇದು ಅಲ್ಲಿ ಬಳಕೆಯಲ್ಲಿರೋ ಅನುಪಾತ. ಅದೂ ಜೀವರಕ್ಷಕರು ಕುರ್ಚಿ ಹಾಕ್ಕೊಂಡು ಕೂತಿರೋ ಕೊಳದಲ್ಲಿ. ನಮ್ಮ ಪಾರ್ಟಿಗೆ ಇದನ್ನು ಹಚ್ಚಿ ನೋಡಿ: ಮೂವರು ಚಿಕ್ಕವರಿಗೆ ಮೂವರು, ಎಂಟು ಮಕ್ಕಳಿಗೆ ನಾಲ್ವರು. ಏಳು ಜನ ನೀರಿನಲ್ಲಿರಬೇಕಿತ್ತು. 14 ಜನರಲ್ಲಿ ಅರ್ಧ ಜನ ಇಳಿದಿದ್ದರೆ ಸಾಕಿತ್ತು, ಉಳಿದರ್ಧ ಜನ ಆರಾಮಾಗಿ ಬಜ್ಜಿ ತಿನ್ನಬಹುದಿತ್ತು. ಜನ ಕಮ್ಮಿ ಇದ್ದರು ಅನ್ನೋ ನೆಪವೂ ನಮಗಿಲ್ಲ.

‘ಏನಾದ್ರೂ ಆದ್ರೆ ಮಗು ಕೂಗುತ್ತೆ, ಕೇಳ್ಸುತ್ತೆ’ ಅಂತ ಒಬ್ಬರು ನನಗೆ ಸಮಾಧಾನ ಹೇಳಿದರು. ಇಲ್ಲ ಸ್ವಾಮಿ, ಕೂಗಲ್ಲ. ಸಿನಿಮಾದಲ್ಲಿ ಹೀರೋಯಿನ್ ಕೈ ಬೀಸಿ ‘ಕಾಪಾಡಿ’ ಅಂತಾಳೆ. ನಿಜವಾಗಿ ಮುಳುಗೋರಿಗೆ ಬಾಯಿ ನೀರಿನ ಮೇಲೆ ಬಂದಾಗ ಉಸಿರು ಎಳೆಯೋಕೇ ಸಮಯ ಸಾಲಲ್ಲ, ಕೂಗೋದು ಎಲ್ಲಿಂದ? ಕೈಗಳು ಬೀಸೋ ಬದಲು ನೀರನ್ನು ಕೆಳಕ್ಕೆ ಒತ್ತುತ್ತಾ ಇರುತ್ತವೆ. ಅಮೆರಿಕದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಇದನ್ನು ದಶಕಗಳ ಹಿಂದೆಯೇ ಗಮನಿಸಿ ಬರೆದಿಟ್ಟಿದ್ದಾರೆ. ಹೀಗೆ ಮೇಲ್ಮೈಯಲ್ಲಿ ಒದ್ದಾಡೋದು 20ರಿಂದ 60 ಸೆಕೆಂಡ್. ದೂರದಿಂದ ನೋಡಿದ್ರೆ ಮಗು ಆಡ್ತಾ ಇರೋ ಹಾಗೇ ಕಾಣುತ್ತೆ. ವಾಟ್ಸ್ಯಾಪಿನಲ್ಲಿ ಬಂದ ಒಂದು ವಾಯ್ಸ್ ನೋಟ್ ಕೇಳಿ ಮುಗಿಸೋವಷ್ಟು ಹೊತ್ತು. ಗದ್ದಲ ಮಾಡ್ತಿರೋ ಮಗು ಸುರಕ್ಷಿತವಾಗಿದೆ ಅಂತ ಅರ್ಥ. ಸದ್ದು ನಿಂತಾಗ ತಲೆ ಎತ್ತಬೇಕು.

ಇನ್ನು ಫ್ಲೋಟರ್. ಅದನ್ನು ಕಂಡ್ರೆ ನನಗೀಗ ಮೈ ಉರಿಯುತ್ತೆ. ಬಾತುಕೋಳಿ, ಯೂನಿಕಾರ್ನ್, ಡೋನಟ್, ಎಷ್ಟು ಆಕಾರ! ಪೆಟ್ಟಿಗೆ ಓದಿ ನೋಡಿ, ಇದು ಜೀವರಕ್ಷಕ ಸಾಧನ ಅಲ್ಲ, ದೊಡ್ಡವರ ನಿಗಾದಲ್ಲೇ ಬಳಸಿ ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ. ತೋಳಿನ ಪಟ್ಟಿ ಗಾಳಿ ಬಿಡುತ್ತೆ, ಜಾರುತ್ತೆ. ಡೋನಟ್ ಮಗುಚಿದ್ರೆ ಮಗುವಿನ ಕಾಲು ಮೇಲೆ, ತಲೆ ಕೆಳಗೆ. ಇವೆಲ್ಲಕ್ಕಿಂತ ದೊಡ್ಡ ಮೋಸ ಅಂದ್ರೆ ಅದು ಮಗುವಿಗೆ ಇಲ್ಲದ ಧೈರ್ಯ ಕೊಡುತ್ತೆ, ನಮಗೆ ಇಲ್ಲದ ನೆಮ್ಮದಿ ಕೊಡುತ್ತೆ. ನಾಲ್ಕುನೂರು ರೂಪಾಯಿ ಕೊಟ್ಟು ನಾವು ನಿಜವಾಗಿ ಕೊಂಡುಕೊಳ್ಳೋದು ಫೋನ್ ನೋಡೋಕೆ ಬಿಡುವು.

ಊರಿನ ಕಡೆಯ ವಾದ ಒಂದಿದೆ. ಅದನ್ನು ಹೇಳೋರು ನನ್ನದೇ ವಯಸ್ಸಿನವರು. ‘ನಾವೆಲ್ಲ ಬಾವೀಲಿ ಈಜು ಕಲಿತೋರು. ನಮಗೇನಾಗಿದೆ? ನೀವು ಸಿಟಿಯವರು ಮಕ್ಕಳನ್ನ ಹತ್ತೀಲಿ ಇಟ್ಟು ಬೆಳೆಸ್ತೀರಿ.’ ನಾನೂ ಬಾವೀಲೇ ಕಲಿತವಳು ಮಾರಾಯ್ರೇ. ಚನ್ನರಾಯಪಟ್ಟಣದ ಹತ್ತಿರ ನಮ್ಮ ತೋಟದ ಬಾವಿ. ಬೇಸಿಗೆ ರಜೆಯಲ್ಲಿ ಸೋದರಮಾವ ನಮ್ಮ ಬೆನ್ನಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಕಟ್ಟಿ ಇಳಿಸೋರು. ಅವರ ಕಾಲದಲ್ಲಿ ಒಣಗಿದ ಸೋರೆಬುರುಡೆ ಇತ್ತಂತೆ. ಆದರೆ ಆ ನೆನಪಿನಲ್ಲಿ ನೀವು ಬಿಟ್ಟುಬಿಡೋ ಒಂದು ಭಾಗ ಇದೆ, ಅದನ್ನೂ ಸೇರಿಸಿ ಹೇಳಿ. ಮಾವ ಮೊದಲು ತಾವು ನೀರಿಗಿಳಿಯೋರು. ಆಮೇಲೆ ಒಂದು ಮಗು. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮೇಲೆ ನಿಂತಿರೋ ಇನ್ನೊಬ್ಬರ ಕೈಯಲ್ಲಿ. ಉಳಿದ ಐದಾರು ಜನ ಮೆಟ್ಟಿಲ ಮೇಲೆ ಚಡ್ಡಿಯಲ್ಲಿ ನಡುಗ್ತಾ ಕೂತು ಸರದಿ ಕಾಯಬೇಕು. ಸರದಿ ತಪ್ಪಿಸಿ ನೀರು ಮುಟ್ಟಿದೋನಿಗೆ ಬೆನ್ನ ಮೇಲೆ ಬೀಳೋದು. ಅಂದ್ರೆ ಬ್ರಿಟನ್ನಿನವರಿಗಿಂತ ಬಿಗಿ: ಒಂದು ಮಗುವಿಗೆ ಇಬ್ಬರು! ನಾವು ಬಾವಿ ಬಿಟ್ಟು ಬಂದಾಗ ಆ ಶಿಸ್ತನ್ನೂ ಅಲ್ಲೇ ಬಿಟ್ಟು, ಧೈರ್ಯದ ಕಥೆಯನ್ನಷ್ಟೇ ಸೂಟ್‌ಕೇಸಿಗೆ ಹಾಕ್ಕೊಂಡು ಬಂದಿದ್ದೀವಿ. ‘ನಮಗೇನಾಗಿದೆ’ ಅಂತ ಕೇಳೋರೆಲ್ಲ ಬದುಕಿ ಉಳಿದೋರು. ಉಳಿಯದೇ ಇದ್ದೋರು ಬಂದು ವಾದ ಮಾಡಲ್ಲ. ನಮ್ಮೂರಿನ ಕೆರೆಯಲ್ಲಿ ಎಮ್ಮೆ ತೊಳೆಯೋಕೆ ಹೋಗಿ ವಾಪಸ್ ಬರದ ಹುಡುಗ ನನ್ನ ಅಣ್ಣನ ಕ್ಲಾಸಿನವನು. ನಿಮ್ಮೂರಿನಲ್ಲೂ ಒಬ್ಬ ಇರ್ತಾನೆ, ನೆನಪು ಮಾಡ್ಕೊಳ್ಳಿ.

ಅಂಕಿ ಬೇಕು ಅನ್ನೋರಿಗೆ: ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಬಹುಪಾಲು ಬಡವರ ಮನೆಯವು, ಕೆರೆ, ಹೊಂಡ, ಹೊಳೆಗಳಲ್ಲಿ. ಕಾಯೋಕೆ ಆಳಿಲ್ಲದೆ, ಅಪ್ಪ ಅಮ್ಮ ಕೂಲಿಗೆ ಹೋದಾಗ. ನಮ್ಮ ಪೂಲಿನ ಸುತ್ತ ಆಳುಗಳಿಗೆ ಬರವಿಲ್ಲ. ಅದಕ್ಕೇ ನಮ್ಮದು ಹೆಚ್ಚು ನಾಚಿಕೆಗೇಡು.

ಆಳು ಅಂದಾಗ ನೆನಪಾಯ್ತು. ಆ ಪೂಲಿನ ಗೇಟಿಗೆ ಎರಡು ಬೋರ್ಡ್ ಇದೆ. ಒಂದರಲ್ಲಿ ‘ನಿಮ್ಮ ಮಕ್ಕಳ ಸುರಕ್ಷತೆಗೆ ನೀವೇ ಜವಾಬ್ದಾರರು’. ಇನ್ನೊಂದರಲ್ಲಿ ‘ಮನೆಗೆಲಸದವರು ಮತ್ತು ಸಿಬ್ಬಂದಿ ಪೂಲ್ ಬಳಸುವಂತಿಲ್ಲ’. ಈ ಎರಡನ್ನೂ ಒಟ್ಟಿಗೆ ಓದಿ. ವಾರದ ದಿನ ಸಂಜೆ ನಾಲ್ಕಕ್ಕೆ ಹೋಗಿ ನೋಡಿದ್ರೆ ಅಲ್ಲಿ ಮಕ್ಕಳನ್ನು ಕರ್ಕೊಂಡು ಬಂದಿರೋರು ಆಯಾಗಳು. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗಿಯರು. ಅವರಿಗೆ ಈಜು ಬರಲ್ಲ, ನೀರಿಗಿಳಿಯೋ ಹಕ್ಕಿಲ್ಲ, ಎರಡು ಮಕ್ಕಳ ಜೀವದ ಹೊಣೆ ಮಾತ್ರ ಅವರದು. ಏನಾದ್ರೂ ಆದ್ರೆ ‘ನಮ್ಮ ಆಯಾ ನೋಡ್ಕೊಳ್ಳಲಿಲ್ಲ’ ಅಂತೀವಿ. ಅವತ್ತು ಅಕ್ಕನ ಮಗಳನ್ನು ಎತ್ತಿದ ಹೆಂಗಸೂ ಎರಡನೇ ಬೋರ್ಡಿನ ಪ್ರಕಾರ ನಿಯಮ ಮುರಿದವಳೇ. ಯೂನಿಫಾರಂನಲ್ಲಿ ಪೂಲಿಗಿಳಿದಿದ್ದು ಯಾಕೆ ಅಂತ ಮರುದಿನ ಸೂಪರ್‌ವೈಸರ್ ವಿವರಣೆ ಕೇಳಿದನಂತೆ. ನಾನು ಸೀರೆ ತಗೊಂಡು ಹೋಗಿ ಕೈಮುಗಿದಾಗ ಅವಳೇ ನಗ್ತಾ ಹೇಳಿದ್ದು. ‘ನಾ ಹೊಳೀ ದಂಡ್ಯಾಗ ಬೆಳದಾಕಿ ರೀ. ನೀರಿನ ಹಂತ್ಯಾಕ ಕೂಸು ಇದ್ರ ಕಣ್ಣು ತಾನಾಗೇ ಅತ್ತಾಗ ಹೊಕ್ಕೈತಿ.’ ಬಾಗಲಕೋಟೆ ಕಡೆಯವಳು. 14 ಜನ ಓದಿದೋರಿಗೆ ಇಲ್ಲದ ರೂಢಿ.

ಅಸೋಸಿಯೇಷನ್ನಿನವರು ‘ನಮ್ಮಲ್ಲಿ ಲೈಫ್‌ಗಾರ್ಡ್ ಇದ್ದಾನೆ’ ಅಂದರು. ಹೋಗಿ ಮಾತಾಡಿಸಿದೆ. ಕ್ಲೋರಿನ್ ಹಾಕಿ ಎಲೆ ತೆಗೆಯೋ ಹುಡುಗ, ಪಂಪ್ ರೂಮಿನಲ್ಲಿದ್ದ. ಬೆಳಗ್ಗೆ ಬರೋ ಕೋಚ್ ಇದ್ದಾರಲ್ಲ ಅಂತ ಇನ್ನೊಬ್ಬರು. ಕೋಚ್ ನೋಡೋದು ಫೀಸ್ ಕಟ್ಟಿದ ಎಂಟು ಮಕ್ಕಳ ಕೈಕಾಲನ್ನು, ಅದೂ ಬೆಳಗ್ಗೆ. ತರಬೇತಿ ಪಡೆದ ಜೀವರಕ್ಷಕರ ಅಳತೆಗೋಲು ಬೇರೆ: ತನ್ನ ಪಾಲಿನ ನೀರಿನಲ್ಲಿ ಆಗೋ ಅಪಾಯವನ್ನು 10 ಸೆಕೆಂಡಿನಲ್ಲಿ ಗುರುತಿಸಿ, ಮುಂದಿನ 20 ಸೆಕೆಂಡಿನಲ್ಲಿ ತಲುಪಬೇಕು ಅನ್ನೋದು. ಪಂಪ್ ರೂಮಿನಿಂದ ಅದು ಆಗಲ್ಲ. ಕ್ಲಬ್‌ಹೌಸಿಗೆ ಇಟಾಲಿಯನ್ ಟೈಲ್ಸ್ ಹಾಕಿಸೋಕೆ ಹಣ ಇದ್ದ ಕಡೆ ಸಂಜೆ ಮೂರು ಗಂಟೆ ಒಬ್ಬ ತರಬೇತಾದ ಮನುಷ್ಯನನ್ನು ಕೂರಿಸೋಕೆ ‘ಬಜೆಟ್ ಇಲ್ಲ’.

ಹಾಗಂತ ಪೂಲಿಗೆ ಹೋಗೋದೇ ಬಿಡಿ ಅಂತೀನಾ? ಇಲ್ಲ. ಎರಡು ತಿಂಗಳು ಬಿಟ್ಟು ಅದೇ ಮೂರು ಮಕ್ಕಳನ್ನು ಮತ್ತೆ ಕರ್ಕೊಂಡು ಹೋದ್ವಿ. ಅಕ್ಕನೇ ಹೇಳಿದ್ದು, ಭಯ ಕೂತುಬಿಟ್ಟರೆ ಜೀವನಪರ್ಯಂತ ಹೋಗಲ್ಲ ಅಂತ. ಆದರೆ ಈಗ ಹೋಗೋ ರೀತಿ ಬೇರೆ. ನಾನು, ನನ್ನ ಗಂಡ, ಅಕ್ಕ, ಮೂರಕ್ಕೆ ಮೂರು. ಭಾವ ಬಂದ್ರೆ ಅವರು ದಡದಲ್ಲಿ, ತಲೆಗೆ ಒಂದು ಕೆಂಪು ಟೋಪಿ. ಟೋಪಿ ಹಾಕ್ಕೊಂಡವರಿಗೆ ಫೋನಿಲ್ಲ, ಮಾತಿಲ್ಲ, ತಿಂಡಿ ಇಲ್ಲ, ಎಣಿಸೋದೊಂದೇ ಕೆಲಸ. ಕಾಲು ಗಂಟೆಗೆ ಟೋಪಿ ಬದಲಾಗಬೇಕು, ಬಾಯಿಬಿಟ್ಟು ‘ಈಗ ನೀನು’ ಅಂತ ಹೇಳಿ, ‘ಸರಿ, ಈಗ ನಾನು’ ಅಂತ ಅನ್ನಿಸಿಕೊಂಡೇ ಟೋಪಿ ಕೊಡಬೇಕು. ಬಿಸಿಲು ನೀರಿನ ಮೇಲೆ ಹೊಳೆದು ತಳ ಕಾಣದ ಕಡೆ ಕೂರಬಾರದು. ಚಿಕ್ಕವಳು ಸದಾ ಕೈಗೆಟುಕೋಷ್ಟು ಹತ್ತಿರ. ಕಣ್ಣಿಗೆ ಕಂಡರೆ ಸಾಲದು, ಕೈಗೆ ಸಿಗಬೇಕು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಇದನ್ನೇ ಹೇಳೋದು. ಒಬ್ಬರಿಗೆ ಬಾತ್‌ರೂಮ್ ಬಂದು ಇಬ್ಬರೇ ದೊಡ್ಡವರಿದ್ದರೆ ಎಲ್ಲ ಮಕ್ಕಳೂ ನೀರಿನಿಂದ ಮೇಲೆ, ಎಷ್ಟೇ ರಂಪ ಮಾಡಲಿ. ತಿಂಡಿ ಅಂದ್ರೆ ಅವತ್ತಿನ ಈಜು ಮುಗೀತು ಅಂತಲೇ ಅರ್ಥ, ಬಟ್ಟೆ ಬದಲಾಯಿಸಿ ಗೇಟಿನ ಆಚೆ ತಿನ್ನೋದು. ನೀಲಿ ಟೈಲ್ಸಿನ ಪೂಲಿಗೆ ನೀಲಿ ಈಜುಡುಗೆ ಹಾಕ್ಬೇಡಿ, ನೀರಿನಡಿ ಕರಗಿ ಹೋಗುತ್ತೆ. ಅಕ್ಕನ ಮಗಳಿಗೀಗ ಕಣ್ಣು ಕುಕ್ಕೋ ಕಿತ್ತಳೆ ಬಣ್ಣದ್ದು. ನಮ್ಮ ಭಾವನಿಗೆ ಅದು ಕೆಇಬಿ ಜಾಕೆಟ್ ಥರ ಕಾಣುತ್ತಂತೆ. ಕಾಣಲಿ.

ಇನ್ನೊಂದು ವಿಷಯ, ಇದು ಆಫೀಸಿನ ಫಸ್ಟ್ ಏಡ್ ತರಬೇತಿಯಲ್ಲಿ ಪ್ರಮಾಣಪತ್ರ ತಗೊಂಡು ಲಿಂಕ್ಡ್‌ಇನ್‌ಗೆ ಹಾಕ್ಕೊಂಡೋರಿಗೆ. ಎದೆ ಒತ್ತೋದಷ್ಟೇ ಸಾಕು ಅಂತ ನಮಗೆ ಕಲಿಸಿದ್ದು ಹೃದಯ ನಿಂತು ಕುಸಿದು ಬೀಳೋ ದೊಡ್ಡವರ ಲೆಕ್ಕದಲ್ಲಿ. ನೀರಿನಲ್ಲಿ ಮುಳುಗಿದ ಮಗುವಿಗೆ ಮೊದಲು ಕೊರತೆಯಾಗಿರೋದು ಗಾಳಿ. ಉಸಿರಾಡ್ತಿಲ್ಲ ಅಂದ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಡೋದರಿಂದ ಶುರು ಮಾಡಬೇಕು, ಆಮೇಲೆ ಎದೆ ಒತ್ತೋದು, ಎರಡೂ ಸೇರಬೇಕು. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡ್ತಿರಬೇಕು. ಮಗುವನ್ನು ತಲೆಕೆಳಗೆ ಹಿಡಿಯೋದು, ಹೊಟ್ಟೆ ಒತ್ತಿ ನೀರು ತೆಗೆಯೋದು, ನಮ್ಮ ಸಿನಿಮಾಗಳು ಕಲಿಸಿದ ಈ ಎರಡೂ ತಪ್ಪು. ಇದನ್ನು ಓದಿ ಕಲಿಯೋಕಾಗಲ್ಲ, ಗೊಂಬೆ ಮೇಲೆ ಕೈಯಿಟ್ಟೇ ಕಲಿಯಬೇಕು. ಅರ್ಧ ದಿನದ ಕೆಲಸ.

‘ಇಷ್ಟೆಲ್ಲ ರೂಲ್ಸ್ ಇಟ್ರೆ ಮಜಾನೇ ಇರಲ್ಲ’ ಅಂತ ಟೋಪಿ ನೋಡಿ ನಕ್ಕವರಿದ್ದಾರೆ. ಮಜಾ ಯಾರಿಗಿರಲ್ಲ? ಮಕ್ಕಳಿಗಂತೂ ಖುಷಿಯೋ ಖುಷಿ. ಅಪ್ಪ ಅಮ್ಮ ಇಬ್ಬರೂ ನೀರಿನಲ್ಲಿ ಸಿಗ್ತಾರೆ, ಕೈಯಲ್ಲಿ ಫೋನಿಲ್ಲ, ಬೆನ್ನ ಮೇಲೆ ಹತ್ತಬಹುದು, ಮುಖಕ್ಕೆ ನೀರು ಎರಚಬಹುದು. ಹಾಳಾಗೋದು ನಮ್ಮ ಮಜಾ. ಪೂಲ್ ಪಾರ್ಟಿ ಅಂತ ಕರೆಯೋದು ಮಕ್ಕಳ ಹೆಸರಲ್ಲಿ, ನಿಜವಾಗಿ ಅದು ದೊಡ್ಡವರ ಎರಡು ಗಂಟೆ ಹರಟೆ, ಮಕ್ಕಳನ್ನು ನೀರಿನ ಕೈಗೆ ಕೊಟ್ಟು. ನೀರು ಆಯಾ ಕೆಲಸ ಮಾಡಲ್ಲ.

ಮುಂದಿನ ಶನಿವಾರ ಇನ್ನೊಂದು ಹುಟ್ಟುಹಬ್ಬ, ಬೇರೆ ಅಪಾರ್ಟ್‌ಮೆಂಟ್. ಆಹ್ವಾನ ಚೆನ್ನಾಗಿದೆ, ತಿಮಿಂಗಿಲದ ಚಿತ್ರ, ಮಕ್ಕಳಿಗೆ ಈಜುಡುಗೆ ಮತ್ತು ಟವೆಲ್ ತರಲು ಸೂಚನೆ, ದೊಡ್ಡವರಿಗೆ ಲೈವ್ ದೋಸೆ ಕೌಂಟರ್. ನಾನು ಗ್ರೂಪಿನಲ್ಲಿ ಕೇಳಿದೆ: ‘ಮಕ್ಕಳು ಎಷ್ಟು ಜನ? ನೀರಿನಲ್ಲಿ ಯಾರ್ಯಾರು ಇರ್ತೀರಿ?’

ಎರಡು ದಿನ ಆಯ್ತು. ನೀಲಿ ಟಿಕ್ ಬಂದಿದೆ, ಎಲ್ರೂ ನೋಡಿದ್ದಾರೆ.